ಮಗುವಿನ ಲಸಿಕೆ: ಅಂಗನವಾಡಿಯಲ್ಲೋ, ಪ್ರೈವೇಟ್ ಕ್ಲಿನಿಕ್‌ನಲ್ಲೋ? ಕೊಡಗಿನ ಮನೆಗಳಿಗೊಂದು ಹೋಲಿಕೆ

ಬಾಣಂತಿ ಇರುವ ಮನೆಯಲ್ಲಿ ಮಗುವಿಗೆ ಒಂದೂವರೆ ತಿಂಗಳಾಗುವ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ. ಆಶಾ ಕಾರ್ಯಕರ್ತೆ ಬಂದು "ಅಕ್ಕ, ಈ ಗುರುವಾರ ಅಂಗನವಾಡಿಗೆ ಬನ್ನಿ, ತಾಯಿ ಕಾರ್ಡ್ ಮರೀಬೇಡಿ" ಎಂದು ಹೇಳಿ ಹೋಗುತ್ತಾರೆ. ಅದೇ ಸಂಜೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಫೋನ್ ಬರುತ್ತದೆ. "ಅಲ್ಲಿ ಹಾಕಿಸ್ಬೇಡ, ಮಗೂಗೆ ಜ್ವರ ಬರುತ್ತೆ. ದುಡ್ಡು ಹೋದ್ರೆ ಹೋಗ್ಲಿ, ಪೇನ್‌ಲೆಸ್ ಹಾಕಿಸು." ಬೆಲೆ ಜಾಸ್ತಿ ಇದ್ದದ್ದು ಒಳ್ಳೆಯದೇ ಇರಬೇಕು ಅಂತ ನಮಗೂ ಒಳಗೊಳಗೇ ಅನ್ನಿಸುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಪಟ್ಟಿಯಲ್ಲಿರುವ ಲಸಿಕೆಗಳನ್ನು ಹೊತ್ತಿಗೆ ಸರಿಯಾಗಿ, ಹತ್ತಿರದ ಸರ್ಕಾರಿ ಜಾಗದಲ್ಲೇ ಹಾಕಿಸಿ. ಅಲ್ಲಿ ಉಳಿದ ದುಡ್ಡನ್ನು ಆ ಪಟ್ಟಿಯಲ್ಲಿ ಇಲ್ಲದ ಒಂದೆರಡು ಲಸಿಕೆಗಳಿಗೆ ಖರ್ಚು ಮಾಡಿ. ಪಟ್ಟಿಯಲ್ಲಿ ಇರುವುದನ್ನೇ ದುಬಾರಿ ಬೆಲೆಗೆ ಕೊಂಡು, ಇಲ್ಲದ್ದನ್ನು ಬಿಟ್ಟುಬಿಡುವುದು ನಷ್ಟದ ದಾರಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ಒಂದೊಂದೇ ಲಸಿಕೆ ಹಿಡಿದು ನೋಡೋಣ.

ಜ್ವರದ ಚುಚ್ಚುಮದ್ದೋ, ಪೇನ್‌ಲೆಸ್ಸೋ

ಹೆಚ್ಚಿನ ಜಗಳ ಇರುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಸರ್ಕಾರಿ ಜಾಗದಲ್ಲಿ ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಕೊಡುವುದು ಪೆಂಟಾವೇಲೆಂಟ್. ಒಂದೇ ಚುಚ್ಚಿನಲ್ಲಿ ಐದು ರೋಗಕ್ಕೆ ತಡೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್. ಈ ಹಿಬ್ ಅನ್ನುವುದು ಮಕ್ಕಳಲ್ಲಿ ನ್ಯುಮೋನಿಯಾ ಮತ್ತು ಮಿದುಳುಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾ. ಪ್ರೈವೇಟ್‌ನಲ್ಲಿ ಸಾಮಾನ್ಯವಾಗಿ ಕೊಡುವುದು ಹೆಕ್ಸಾವೇಲೆಂಟ್. ಅದರಲ್ಲಿ ಈ ಐದರ ಜೊತೆ ಪೋಲಿಯೋ ಚುಚ್ಚುಮದ್ದೂ ಸೇರಿರುತ್ತದೆ. ಮಗುವಿಗೆ ಒಂದು ಚುಚ್ಚು ಕಡಿಮೆಯಾಗುತ್ತದೆ, ಅದು ನಿಜವಾದ ಅನುಕೂಲ. ಒಂದು ಡೋಸ್‌ಗೆ ಸಾವಿರಗಟ್ಟಲೆ ರೂಪಾಯಿ ಆಗುತ್ತದೆ, ಅದೂ ನಿಜ.

ಜ್ವರದ ವ್ಯತ್ಯಾಸ ಬರುವುದು ನಾಯಿಕೆಮ್ಮಿನ ಭಾಗದಿಂದ. ಸರ್ಕಾರಿ ಲಸಿಕೆಯಲ್ಲಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾವನ್ನು ಸಾಯಿಸಿ ಇಡಿಯಾಗಿ ಹಾಕಿರುತ್ತಾರೆ. ಅದಕ್ಕೆ ಹೋಲ್ ಸೆಲ್ ಅನ್ನುತ್ತಾರೆ. ಪೇನ್‌ಲೆಸ್‌ನಲ್ಲಿ ಆ ಬ್ಯಾಕ್ಟೀರಿಯಾದ ಕೆಲವು ತುಣುಕು ಮಾತ್ರ ಇರುತ್ತವೆ. ಅದು ಎಸೆಲ್ಯುಲಾರ್. ಇಡಿಯ ಬ್ಯಾಕ್ಟೀರಿಯಾ ನೋಡಿದಾಗ ಮಗುವಿನ ದೇಹ ಜೋರಾಗಿ ಪ್ರತಿಕ್ರಿಯೆ ಕೊಡುತ್ತದೆ. ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಿಗೆ ಜ್ವರ, ತೊಡೆ ಊತ, ಒಂದು ರಾತ್ರಿಯ ಅಳು ಇರುತ್ತದೆ. ತುಣುಕಿನ ಲಸಿಕೆಯಲ್ಲಿ ಇದೆಲ್ಲ ಕಡಿಮೆ.

ಹಾಗಾದರೆ ಪೇನ್‌ಲೆಸ್ಸೇ ಒಳ್ಳೆಯದಲ್ವಾ? ಮೊದಲ ರಾತ್ರಿಯ ಲೆಕ್ಕ ಮಾತ್ರ ಹಿಡಿದರೆ ಹೌದು. ಮುಂದಿನ ಹತ್ತು ವರ್ಷದ ಲೆಕ್ಕ ಬೇರೆ ಇದೆ.

ಅಮೆರಿಕದಲ್ಲಿ 1990ರ ದಶಕದಲ್ಲಿ ಹೋಲ್ ಸೆಲ್ ಬಿಟ್ಟು ಪೂರ್ತಿ ಎಸೆಲ್ಯುಲಾರ್‌ಗೆ ಹೋದರು. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾಯಿಕೆಮ್ಮು ಮತ್ತೆ ಎದ್ದಿತು. 9,000ಕ್ಕೂ ಹೆಚ್ಚು ಜನರಿಗೆ ಬಂತು, 10 ಹಸುಗೂಸುಗಳು ತೀರಿಕೊಂಡವು. ಆಮೇಲೆ ಅಲ್ಲಿನ ಸಂಶೋಧಕರು ಮಕ್ಕಳ ದಾಖಲೆ ತೆಗೆದು ನೋಡಿದರು. ಎಸೆಲ್ಯುಲಾರ್‌ನ ಐದನೇ ಡೋಸ್ ಆದ ಮೇಲೆ, ವರ್ಷ ಕಳೆದಂತೆಲ್ಲ ನಾಯಿಕೆಮ್ಮು ಬರುವ ಸಂಭವ ಸರಾಸರಿ ಶೇ 42ರಷ್ಟು ಏರುತ್ತಾ ಹೋಗಿತ್ತು. ಚಿಕ್ಕಂದಿನಲ್ಲಿ ಹಳೆಯ ಹೋಲ್ ಸೆಲ್ ಹಾಕಿಸಿಕೊಂಡಿದ್ದ ಹದಿಹರೆಯದವರಿಗೆ ರಕ್ಷಣೆ ಚೆನ್ನಾಗಿಯೇ ಉಳಿದಿತ್ತು. ಬಬೂನ್ ಕೋತಿಗಳ ಮೇಲೆ ಮಾಡಿದ ಇನ್ನೊಂದು ಪ್ರಯೋಗದಲ್ಲಿ, ಎಸೆಲ್ಯುಲಾರ್ ಪಡೆದ ಕೋತಿಗಳಿಗೆ ಕಾಯಿಲೆ ಬರಲಿಲ್ಲ, ಆದರೆ ಗಂಟಲಿನಲ್ಲಿ ಬ್ಯಾಕ್ಟೀರಿಯಾ ವಾರಗಟ್ಟಲೆ ಉಳಿದು ಪಕ್ಕದ ಕೋತಿಗಳಿಗೂ ದಾಟಿತು.

ಕೊಡಗಿನ ತೋಟಗಳ ಲೈನ್ ಮನೆ ನೋಡಿದವರಿಗೆ ಇದು ಯಾಕೆ ಮುಖ್ಯ ಅಂತ ಹೇಳಬೇಕಾಗಿಲ್ಲ. ಒಂದೇ ಸೂರು, ಸಾಲಾಗಿ ಕೋಣೆಗಳು, ಮಳೆಗಾಲದಲ್ಲಿ ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಒಳಗೆ ಒಲೆಯ ಹೊಗೆ. ಒಬ್ಬರು ಕೆಮ್ಮಿದರೆ ಸಾಲಿಗೆಲ್ಲ ಕೇಳುತ್ತದೆ. ಅಂಥ ಕಡೆ ಗಟ್ಟಿಯಾಗಿ ಬಾಳುವ ರಕ್ಷಣೆ ಬೇಕು.

ಜ್ವರಕ್ಕೆ ಪ್ಯಾರಾಸಿಟಮಾಲ್ ಹನಿ ಸಾಕು. ಅದನ್ನು ಮಗುವಿನ ತೂಕ ನೋಡಿ ಎಷ್ಟು ಎಂದು ಸಿಸ್ಟರ್ ಹೇಳುತ್ತಾರೆ. ಮನೆಯಲ್ಲಿ ದೊಡ್ಡ ಮಗುವಿಗೆ ತಂದಿಟ್ಟ ಸಿರಪ್ ಅಂದಾಜಿಗೆ ಕೊಡಬೇಡಿ, ಹನಿಯ ಬಾಟಲಿಗೂ ಸಿರಪ್ ಬಾಟಲಿಗೂ ಔಷಧಿಯ ಪ್ರಮಾಣ ಬೇರೆ ಬೇರೆ. ಊದಿದ ಕಡೆ ಒದ್ದೆ ತಣ್ಣನೆ ಬಟ್ಟೆ ಇಡಿ. ಉಜ್ಜಬೇಡಿ, ಎಣ್ಣೆ ಹಚ್ಚಿ ಶಾಖ ಕೊಡಬೇಡಿ. ಎದೆಹಾಲು ಜಾಸ್ತಿ ಸಲ ಕೊಡಿ. ಎರಡು ದಿನ ಕಳೆದರೂ ಜ್ವರ ಇಳಿಯದಿದ್ದರೆ, ಫಿಟ್ಸ್ ಬಂದರೆ, ಮೂರು ಗಂಟೆಗೂ ಮೀರಿ ಬಿಡದೆ ಕಿರುಚಿ ಅತ್ತರೆ, ಮಗು ಮಂಕಾಗಿ ಹಾಲು ಬಿಟ್ಟರೆ ಆಸ್ಪತ್ರೆಗೆ ಹೋಗಲೇಬೇಕು. ಅಂಥ ಮಗುವಿನ ಮುಂದಿನ ಡೋಸ್‌ಗೆ ಎಸೆಲ್ಯುಲಾರ್ ಕೊಡಬೇಕಾ ಅಂತ ಮಕ್ಕಳ ಡಾಕ್ಟರು ನಿರ್ಧರಿಸುತ್ತಾರೆ. ಮೊದಲೇ ಫಿಟ್ಸ್ ಇರುವ ಮಗುವಿನ ವಿಷಯವೂ ಹಾಗೇ.

ಪ್ರೈವೇಟ್‌ನಲ್ಲೇ ಹಾಕಿಸುವುದು ಎಂದು ತೀರ್ಮಾನಿಸಿದವರು ಒಂದು ಪ್ರಶ್ನೆ ಕೇಳಿ: "ಡಾಕ್ಟ್ರೇ, ಇದು ಹೋಲ್ ಸೆಲ್ಲಾ, ಎಸೆಲ್ಯುಲಾರಾ?" ಹೆಕ್ಸಾವೇಲೆಂಟ್‌ನಲ್ಲೂ ಎರಡು ಬಗೆ ಇದೆ. ಭಾರತದಲ್ಲೇ ತಯಾರಾಗುವ ಹೋಲ್ ಸೆಲ್ ಹೆಕ್ಸಾವೇಲೆಂಟ್ ಸಿಕ್ಕರೆ ಚುಚ್ಚೂ ಕಡಿಮೆ, ರಕ್ಷಣೆಯೂ ಗಟ್ಟಿ. ಜ್ವರ ಮಾತ್ರ ಬರಬಹುದು.

ಅದೇ ದುಡ್ಡು ಅಮ್ಮನಿಗೆ

ಪೇನ್‌ಲೆಸ್‌ಗೆ ಎತ್ತಿಟ್ಟ ದುಡ್ಡಿನ ಒಂದು ಪಾಲನ್ನು ಬಸುರಿಯ ಟಿಡ್ಯಾಪ್‌ಗೆ, ಅಂದರೆ ನಾಯಿಕೆಮ್ಮಿಗೂ ತಡೆ ಕೊಡುವ ಚುಚ್ಚುಮದ್ದಿಗೆ, ಹಾಕಿದರೆ ಲಾಭ ಹೆಚ್ಚು. ನಾಯಿಕೆಮ್ಮು ಅತಿ ಹೆಚ್ಚು ಕೊಲ್ಲುವುದು ಎರಡು ಮೂರು ತಿಂಗಳೊಳಗಿನ ಕೂಸುಗಳನ್ನು. ಅಷ್ಟು ಹೊತ್ತಿಗೆ ಅವರ ಸ್ವಂತ ಲಸಿಕೆ ಇನ್ನೂ ಶುರುವೇ ಆಗಿರುವುದಿಲ್ಲ, ಇಲ್ಲವೇ ಒಂದೇ ಡೋಸ್ ಆಗಿರುತ್ತದೆ. ತಾಯಿಗೆ ಬಸುರಿನ 27ರಿಂದ 36ನೇ ವಾರದೊಳಗೆ ಟಿಡ್ಯಾಪ್ ಹಾಕಿಸಿದರೆ ಅವಳ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳು ಹೊಟ್ಟೆಯಲ್ಲಿರುವ ಕೂಸಿಗೂ ಹೋಗುತ್ತವೆ. ಇಂಗ್ಲೆಂಡ್‌ನಲ್ಲಿ 2012ರಿಂದ ಬಸುರಿಯರಿಗೆ ನಾಯಿಕೆಮ್ಮಿನ ಲಸಿಕೆ ಕೊಡಲು ಶುರು ಮಾಡಿದರು. ಮೂರು ತಿಂಗಳೊಳಗಿನ ಕೂಸುಗಳಲ್ಲಿ ಕಾಯಿಲೆ ಸುಮಾರು ಶೇ 90ರಷ್ಟು ತಡೆಯಿತು.

ಸರ್ಕಾರಿ ಪಟ್ಟಿಯಲ್ಲಿ ಬಸುರಿಯರಿಗೆ ಕೊಡುವುದು ಟಿಡಿ. ಅದರಲ್ಲಿ ಧನುರ್ವಾಯು ಮತ್ತು ಗಂಟಲಮಾರಿಗೆ ಮಾತ್ರ ತಡೆ ಇದೆ, ನಾಯಿಕೆಮ್ಮಿಗೆ ಇಲ್ಲ. ಹೆರಿಗೆ ಡಾಕ್ಟರನ್ನು ಕೇಳಿದರೆ ಎರಡು ಟಿಡಿಯಲ್ಲಿ ಒಂದರ ಬದಲಿಗೆ ಟಿಡ್ಯಾಪ್ ಬರೆದುಕೊಡುತ್ತಾರೆ. ತವರಿಗೆ ಬರುವ ಮುಂಚೆ ಊರಲ್ಲೇ ಇದನ್ನು ಮುಗಿಸಿಕೊಂಡು ಬಂದರೆ ಒಳ್ಳೆಯದು.

ರೋಟಾ ಹನಿ: ದೇಶದ್ದೋ, ವಿದೇಶದ್ದೋ

ಚಿಕ್ಕ ಮಕ್ಕಳ ಜೋರು ವಾಂತಿ ಭೇದಿಗೆ ದೊಡ್ಡ ಕಾರಣ ರೋಟಾ ವೈರಸ್. ಇದಕ್ಕೆ ಬಾಯಿಗೆ ಹಾಕುವ ಲಸಿಕೆ ಇದೆ. ಸರ್ಕಾರಿ ಜಾಗದಲ್ಲಿ ಮೂರು ಸಲ, ಪೆಂಟಾ ಜೊತೆಗೇ, ಬಿಟ್ಟಿ. ಪ್ರೈವೇಟ್‌ನಲ್ಲಿ ವಿದೇಶಿ ಬ್ರ್ಯಾಂಡ್‌ಗಳಾದ ರೋಟಾರಿಕ್ಸ್ ಮತ್ತು ರೋಟಾಟೆಕ್ ಸಿಗುತ್ತವೆ.

ಸರ್ಕಾರಿ ಪಟ್ಟಿಗೆ ಸೇರಿದ ರೋಟಾವ್ಯಾಕ್ ನಮ್ಮ ದೇಶದ್ದೇ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ. ಕೆ. ಭಾನ್ ಮತ್ತು ಅವರ ಜೊತೆಗಾರರು ನವಜಾತ ಶಿಶುಗಳಲ್ಲಿ ಒಂದು ರೋಟಾ ತಳಿ ಕಂಡರು. ಅದು ಕೂಸುಗಳ ಹೊಟ್ಟೆಯಲ್ಲಿತ್ತು, ಆದರೆ ಭೇದಿ ತರುತ್ತಿರಲಿಲ್ಲ. ಅದೇ ತಳಿಯಿಂದ ಹೈದರಾಬಾದಿನ ಭಾರತ್ ಬಯೋಟೆಕ್ ಲಸಿಕೆ ಮಾಡಿತು. ದೆಹಲಿ, ಪುಣೆ, ವೆಲ್ಲೂರಿನಲ್ಲಿ 6,799 ಮಕ್ಕಳ ಮೇಲೆ ಪರೀಕ್ಷೆ ನಡೆಯಿತು. ಜೋರಾದ ರೋಟಾ ಭೇದಿಯನ್ನು ಮೊದಲ ವರ್ಷದಲ್ಲಿ ಸುಮಾರು ಶೇ 56ರಷ್ಟು ತಡೆಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರಿ ಪಟ್ಟಿಗೆ ಸೇರಿತು, ಆಮೇಲೆ ಬೇರೆ ರಾಜ್ಯಗಳಿಗೂ ರೋಟಾ ಲಸಿಕೆ ಬಂತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ರೋಟಾಸಿಲ್ ಕೂಡ ಸರ್ಕಾರಿ ಬಳಕೆಯಲ್ಲಿದೆ.

ಶೇ 56 ಅಂದಾಗ ಕೆಲವರು ಮುಖ ಸಿಂಡರಿಸುತ್ತಾರೆ. ಯೂರೋಪಿನಲ್ಲಿ ರೋಟಾರಿಕ್ಸ್ ಶೇ 90ಕ್ಕೂ ಮೇಲೆ ತಡೆದಿತ್ತಲ್ಲ ಅನ್ನುತ್ತಾರೆ. ತಡೆದಿತ್ತು, ಯೂರೋಪಿನಲ್ಲಿ. ಅದೇ ರೋಟಾರಿಕ್ಸ್ ಆಫ್ರಿಕಾದ ಮಲಾವಿಯಲ್ಲಿ ಶೇ 49ಕ್ಕೆ ಇಳಿಯಿತು. ರೋಟಾಟೆಕ್ ಬಾಂಗ್ಲಾದೇಶ ಮತ್ತು ವಿಯೆಟ್ನಾಂನಲ್ಲಿ ಶೇ 48. ಬಡತನ ಇರುವ ಕಡೆ ಮಕ್ಕಳ ಕರುಳಿನಲ್ಲಿ ಬೇರೆ ಸೋಂಕುಗಳು ಸದಾ ಇರುತ್ತವೆ. ತಾಯಿಯಿಂದ ಬಂದ ಪ್ರತಿಕಾಯ ಜಾಸ್ತಿ ಇರುತ್ತದೆ. ಪೌಷ್ಟಿಕತೆ ಕಡಿಮೆ. ಹಾಗಾಗಿ ಬಾಯಿಯ ಲಸಿಕೆ ಯಾವ ಕಂಪನಿಯದ್ದಾದರೂ ಅಷ್ಟೇ ಹಿಡಿಯುತ್ತದೆ. ಬ್ರ್ಯಾಂಡ್ ಬದಲಿಸಿ ಯೂರೋಪಿನ ಅಂಕಿ ಇಲ್ಲಿ ಪಡೆಯಲು ಆಗುವುದಿಲ್ಲ.

ರೋಟಾದಲ್ಲಿ ಬ್ರ್ಯಾಂಡ್‌ಗಿಂತ ಹೊತ್ತು ದೊಡ್ಡದು. ಈ ವೈರಸ್ ಹೆಚ್ಚು ಕಾಡುವುದು ಮೊದಲ ಒಂದು ವರ್ಷದಲ್ಲಿ. ಮೂರೂ ಡೋಸ್ ನಾಲ್ಕನೇ ತಿಂಗಳೊಳಗೆ ಮುಗಿದಿದ್ದರೆ ಕೂಸು ತೆವಳಿ ನೆಲದ್ದೆಲ್ಲ ಬಾಯಿಗೆ ಹಾಕುವ ಹೊತ್ತಿಗೆ ರಕ್ಷಣೆ ಸಿದ್ಧ. ಲಸಿಕೆ ಆಗಿದ್ದರೂ ಭೇದಿ ಬಂದರೆ ಓಆರ್‌ಎಸ್ ಮತ್ತು 14 ದಿನ ಜಿಂಕ್ ಕೊಡಲೇಬೇಕು, ಭೇದಿಗೆ ಬೇರೆ ಕಾರಣಗಳೂ ಬೇಕಾದಷ್ಟಿವೆ.

ನ್ಯುಮೋನಿಯಾ ಲಸಿಕೆ

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾಕ್ಕೆ ತಡೆ ಪಿಸಿವಿ. ಕೆಲವು ವರ್ಷಗಳ ಹಿಂದಿನವರೆಗೂ ಅದು ಶ್ರೀಮಂತರ ಲಸಿಕೆ. 2021ರಿಂದ ಇಡೀ ದೇಶದಲ್ಲಿ ಬಿಟ್ಟಿ ಸಿಗುತ್ತಿದೆ: ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು. ಸೀರಮ್ ಇನ್‌ಸ್ಟಿಟ್ಯೂಟ್ ಮಾಡಿರುವ ನ್ಯುಮೋಸಿಲ್‌ನಲ್ಲಿ ನ್ಯುಮೋಕಾಕಸ್‌ನ ಹತ್ತು ತಳಿಗಳಿವೆ. ಏಷ್ಯಾ ಮತ್ತು ಆಫ್ರಿಕಾದ ಮಕ್ಕಳಲ್ಲಿ ಹೆಚ್ಚು ಕಾಣುವ ತಳಿಗಳನ್ನೇ ಆರಿಸಿ ಮಾಡಿದ್ದು. ಪ್ರೈವೇಟ್‌ನ 13 ತಳಿಯ ಲಸಿಕೆಯಲ್ಲಿ 3, 4, 18ಸಿ ಎಂಬ ಮೂರು ಹೆಚ್ಚುವರಿ ಇವೆ. ಆ ಮೂರಕ್ಕಾಗಿ ನಾಲ್ಕು ಡೋಸ್‌ನ ದುಡ್ಡು ಕೊಡುವುದು ಸಾಮಾನ್ಯ ಆರೋಗ್ಯದ ಮಗುವಿಗೆ ಬೇಕಾಗಿಲ್ಲ. ಹೃದಯದ ತೊಂದರೆ ಇರುವ, ಗುಲ್ಮ ಇಲ್ಲದ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳ ವಿಷಯ ಬೇರೆ, ಅವರಿಗೆ ಡಾಕ್ಟರು ಹೇಳಿದಂತೆ ಕೇಳಿ. ನಮ್ಮ ಬುಡಕಟ್ಟು ಹಾಡಿಗಳ ಮಕ್ಕಳಿಗೆ ಸಿಕಲ್ ಸೆಲ್ ಪರೀಕ್ಷೆ ಮಾಡಿಸುವುದು ಯಾವ ಕಾರಣಕ್ಕೂ ತಪ್ಪಬಾರದು.

ದಡಾರ: ಎಂಆರ್ ಮತ್ತು ಎಂಎಂಆರ್

ಎಂಆರ್ ಅಂದರೆ ದಡಾರ ಮತ್ತು ರುಬೆಲ್ಲಾ. ಸರ್ಕಾರಿ ಜಾಗದಲ್ಲಿ ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಒಂದೂವರೆ ವರ್ಷದ ಆಚೀಚೆ ಇನ್ನೊಂದು. ಎಂಎಂಆರ್‌ನಲ್ಲಿ ಮಂಗನಬಾವೂ ಸೇರಿದೆ. ಅದು ಪ್ರೈವೇಟ್‌ನಲ್ಲಿ ಸಿಗುತ್ತದೆ.

ದಡಾರವನ್ನು ನಮ್ಮಲ್ಲಿ ಇನ್ನೂ ಹಲವರು ಹಗುರಾಗಿ ನೋಡುತ್ತಾರೆ. ಅಮ್ಮ ಬಂದಿದೆ, ಬೇವು ಇಟ್ಟರೆ ಹೋಗುತ್ತದೆ ಅನ್ನುವ ಮಾತಿದೆ. ಬೇವು ಇಡಿ, ನಂಬಿಕೆ ನಿಮ್ಮದು. ಆದರೆ ಆ ಗುಳ್ಳೆ ಹೋದ ಮೇಲೂ ಕಾಯಿಲೆ ಮಾಡಿದ ಹಾನಿ ಉಳಿಯುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರ ಬರುವ ಮುಂಚೆ ಮತ್ತು ಬಂದ ಮೇಲೆ ನೋಡಿದ ಅಧ್ಯಯನ 2019ರಲ್ಲಿ ಬಂತು. ಬೇರೆ ಬೇರೆ ರೋಗಗಳ ವಿರುದ್ಧ ಆ ಮಕ್ಕಳಲ್ಲಿ ಆಗಲೇ ಇದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ಅಳಿಸಿಹೋಗಿದ್ದವು. ಅಂದರೆ ಮಗುವಿನ ದೇಹ ಅಷ್ಟು ದಿನ ಕಲಿತದ್ದನ್ನು ದಡಾರ ಮರೆಸಿಬಿಡುತ್ತದೆ. ಆಮೇಲೆ ಬರುವ ನ್ಯುಮೋನಿಯಾ, ಭೇದಿಯೇ ಎಷ್ಟೋ ಮಕ್ಕಳ ಜೀವ ತೆಗೆಯುವುದು. ಹರಡುವುದರಲ್ಲಂತೂ ದಡಾರದ ಸರಿಸಮ ಇಲ್ಲ: ರಕ್ಷಣೆ ಇಲ್ಲದ ಕಡೆ ಒಬ್ಬರಿಂದ 12ರಿಂದ 18 ಜನಕ್ಕೆ ದಾಟಬಲ್ಲದು. ಅದನ್ನು ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡು ಡೋಸ್ ಆಗಿರಬೇಕು.

ಹಾಗಾಗಿ ಎಂಆರ್ ಎರಡೂ ಡೋಸ್ ಮೊದಲು. ಮಂಗನಬಾವಿನ ರಕ್ಷಣೆ ಬೇಕಾದವರು ಅದರ ಮೇಲೆ ಎಂಎಂಆರ್ ಹಾಕಿಸಬಹುದು. 2024ರಲ್ಲಿ ಪಕ್ಕದ ಕೇರಳದಲ್ಲಿ ಮಂಗನಬಾವು ಜೋರಾಗಿತ್ತು. ಮಾಕುಟ್ಟ, ಕುಟ್ಟ ದಾಟಿ ದಿನವೂ ಜನ ಓಡಾಡುವ ನಮ್ಮ ಜಿಲ್ಲೆಗೆ ಅದು ದೂರದ ಸುದ್ದಿ ಅಲ್ಲ. ಕೈಯಲ್ಲಿ ಅನುಕೂಲ ಇದ್ದವರು ಹಾಕಿಸಿ. ಇಲ್ಲದವರು ಇದಕ್ಕಾಗಿ ಸಾಲ ಮಾಡಬೇಡಿ. "ಎಂಎಂಆರ್ ಸಿಗಲಿ, ಆಗ ಹಾಕಿಸೋಣ" ಎಂದು ಎಂಆರ್ ಮುಂದಕ್ಕೆ ಹಾಕುವುದು ಮಾತ್ರ ಸುತರಾಂ ಬೇಡ.

ಪ್ರೈವೇಟ್‌ಗೆ ಹೋಗಲೇಬೇಕಾದ ಒಂದು ಲಸಿಕೆ

ನನ್ನನ್ನು ಕೇಳಿದರೆ ಕೊಡಗಿನ ಮಗುವಿಗೆ ದುಡ್ಡು ಕೊಟ್ಟು ಹಾಕಿಸಬೇಕಾದ ಮೊದಲ ಲಸಿಕೆ ಟೈಫಾಯ್ಡ್‌ದು. ಅದು ಸರ್ಕಾರಿ ಪಟ್ಟಿಯಲ್ಲಿ ಇಲ್ಲ.

ನಮ್ಮಲ್ಲಿ ಎಷ್ಟೋ ಮನೆಗೆ ನೀರು ಬರುವುದು ಬಾವಿಯಿಂದ, ತೋಡಿನಿಂದ, ಮೇಲಿನ ಗುಡ್ಡದ ಊಟೆಯಿಂದ ಪೈಪ್ ಎಳೆದು. ನೋಡಲು ತಿಳಿ, ಕುಡಿಯಲು ತಂಪು. ಜೂನ್ ಹಿಡಿದ ಮಳೆಯಲ್ಲಿ ಗುಂಡಿ ಕಕ್ಕಸಿನ ನೀರು, ದನದ ಕೊಟ್ಟಿಗೆಯ ನೀರು, ರಸ್ತೆಯ ನೀರು ಎಲ್ಲ ಇಳಿದು ಅದಕ್ಕೇ ಸೇರುತ್ತದೆ. ಕುದಿಸಿ ಕುಡಿಯುವುದು ಮನೆಯಲ್ಲಿ ನಡೆಯುತ್ತದೆ. ಶಾಲೆಯಲ್ಲಿ, ಸಂತೆಯಲ್ಲಿ, ಮದುವೆ ಮನೆಯಲ್ಲಿ ನಡೆಯುವುದಿಲ್ಲ.

ಟೈಫಾಯ್ಡ್‌ಗೆ ಎರಡು ಬಗೆಯ ಚುಚ್ಚುಮದ್ದು ಇವೆ. ಹಳೆಯದಾದ ಪಾಲಿಸ್ಯಾಕರೈಡ್ ಲಸಿಕೆ ಎರಡು ವರ್ಷದೊಳಗಿನ ಮಕ್ಕಳಿಗೆ ಹಿಡಿಯುವುದಿಲ್ಲ. ಹಿಡಿದರೂ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಹೊಸದು ಕಾಂಜುಗೇಟ್. ಆರು ತಿಂಗಳು ತುಂಬಿದ ಮಗುವಿಗೂ ಕೊಡಬಹುದು, ಒಂದೇ ಡೋಸ್. ನೇಪಾಳದಲ್ಲಿ ಸುಮಾರು 20,000 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಶೇ 81ರಷ್ಟು ತಡೆಯಿತು. ಮಲಾವಿಯಲ್ಲೂ ಹತ್ತಿರ ಹತ್ತಿರ ಅಷ್ಟೇ, ಬಾಂಗ್ಲಾದೇಶದಲ್ಲಿ ಶೇ 85. ಮಲಾವಿಯ ಮಕ್ಕಳನ್ನು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ ನೋಡಿದಾಗಲೂ ರಕ್ಷಣೆ ಶೇ 78ರಷ್ಟು ಉಳಿದಿತ್ತು. ರೋಟಾದಲ್ಲಿ ನೋಡಿದೆವಲ್ಲ, ಬಡ ದೇಶಗಳಿಗೆ ಬಂದರೆ ಅಂಕಿ ಕುಸಿಯುವುದನ್ನು? ಇದು ಬಡ ದೇಶಗಳಲ್ಲೇ ಪರೀಕ್ಷೆಗೆ ನಿಂತು ಗೆದ್ದ ಲಸಿಕೆ. ತಯಾರಾಗುವುದೂ ಹೈದರಾಬಾದಿನಲ್ಲಿ.

ಇನ್ನೊಂದು ಕಾರಣವೂ ಇದೆ. ಟೈಫಾಯ್ಡ್ ಬ್ಯಾಕ್ಟೀರಿಯಾ ಔಷಧಿಗಳಿಗೆ ಬಗ್ಗುವುದು ಕಡಿಮೆಯಾಗುತ್ತಿದೆ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಬಹುತೇಕ ಔಷಧಿಗಳಿಗೆ ಜಗ್ಗದ ಟೈಫಾಯ್ಡ್ ಹಬ್ಬಿತು. 2019ರಲ್ಲಿ ಆ ದೇಶವೇ ಮೊದಲಾಗಿ ಈ ಲಸಿಕೆಯನ್ನು ತನ್ನ ಮಕ್ಕಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ನವಿ ಮುಂಬೈ ಪಾಲಿಕೆ 2018ರಲ್ಲೇ ಮಕ್ಕಳಿಗೆ ಕೊಡಿಸಿತ್ತು. ನಮ್ಮ ಪಟ್ಟಿಗೂ ಇದು ಬೇಗ ಸೇರಬೇಕು. ಲೈನ್ ಮನೆಯ ತಾಯಿ ಇದಕ್ಕೆ ದುಡ್ಡು ಎಲ್ಲಿಂದ ತರಬೇಕು ಹೇಳಿ. ತೋಟದ ಮಾಲೀಕರು ಮನಸ್ಸು ಮಾಡಿದರೆ ತಮ್ಮ ತೋಟದ ಅಷ್ಟೂ ಮಕ್ಕಳಿಗೆ ಒಂದೊಂದು ಡೋಸ್ ಕೊಡಿಸುವುದು ಆಗದ ಕೆಲಸವೇನಲ್ಲ.

ಉಳಿದವು ಬೇಗ ಹೇಳುತ್ತೇನೆ. ಫ್ಲೂ ಲಸಿಕೆ ವರ್ಷ ವರ್ಷ ಹಾಕಿಸಬೇಕು. ಆಸ್ತಮಾ, ಉಬ್ಬಸ ಇರುವ ಮಕ್ಕಳಿಗೆ ಒಳ್ಳೆಯದು. ಏಪ್ರಿಲ್, ಮೇ ಒಳಗೆ ಹಾಕಿಸಿದರೆ ಮಳೆಗಾಲಕ್ಕೆ ಸರಿಹೋಗುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ಪುಟ್ಟ ಮಕ್ಕಳಲ್ಲಿ ಹಗುರಾಗಿ ಹೋಗುತ್ತದೆ, ದೊಡ್ಡವರಾದ ಮೇಲೆ ಬಂದರೆ ಕಾಡುತ್ತದೆ. ಹಾಗಾಗಿ ಫಿಲ್ಟರ್ ನೀರಲ್ಲೇ ಬೆಳೆದು ಮುಂದೆ ಹಾಸ್ಟೆಲ್‌ಗೆ ಹೋಗುವ ಮಕ್ಕಳಿಗೆ ಇದು ಹೆಚ್ಚು ಬೇಕು. ಚಿಕನ್ ಪಾಕ್ಸ್ ಲಸಿಕೆ ಅನುಕೂಲ ಇದ್ದವರಿಗೆ. ಆದ್ಯತೆಯಲ್ಲಿ ಇವೆಲ್ಲ ಟೈಫಾಯ್ಡ್ ಆದ ಮೇಲೆ.

ಲಸಿಕೆ ಅಲ್ಲದೆ ಜಾಗವನ್ನೂ ಹೋಲಿಸಿ

ಲಸಿಕೆಗಳು 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಜುಲೈನಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದೆ ಕೂತವರಿಗೆ ಇದರ ಕಷ್ಟ ಗೊತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆಗೆಂದೇ ಮಾಡಿದ ಫ್ರಿಜ್ ಇರುತ್ತದೆ. ಅದರ ಗೋಡೆಯಲ್ಲೇ ಮಂಜುಗಡ್ಡೆಯ ಪದರ ಇರುವುದರಿಂದ ಕರೆಂಟ್ ಹೋದರೂ ಗಂಟೆಗಟ್ಟಲೆ ತಂಪು ಹಿಡಿದಿಡುತ್ತದೆ. ಉಷ್ಣತೆ ಬರೆದಿಡುವ ಪದ್ಧತಿಯೂ ಇದೆ. ಪ್ರೈವೇಟ್‌ನಲ್ಲಿ ಕೆಲವು ಕಡೆ ಇಂಥದ್ದೇ ವ್ಯವಸ್ಥೆ ಇದೆ, ಕೆಲವು ಕಡೆ ಮನೆಯಲ್ಲಿ ಬಳಸುವ ಫ್ರಿಜ್ಜೇ ಇರುತ್ತದೆ. ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಡಾಕ್ಟರು ಜನರೇಟರ್ ತೋರಿಸಿ ಉತ್ತರ ಕೊಡುತ್ತಾರೆ.

ನೀವೇ ನೋಡಿ ತಿಳಿಯುವ ಗುರುತೂ ಒಂದಿದೆ. ಅಂಗನವಾಡಿಯಲ್ಲಿ ಸಿಸ್ಟರ್ ನೀಲಿ ಕ್ಯಾರಿಯರ್ ತೆಗೆದು ಪುಟ್ಟ ಬಾಟಲಿ ಹೊರಗೆ ಇಡುತ್ತಾರಲ್ಲ, ಆಗ "ಸಿಸ್ಟರ್, ಆ ಗುರುತು ಸ್ವಲ್ಪ ತೋರಿಸ್ತೀರಾ?" ಅಂತ ಕೇಳಿ. ಬಾಟಲಿಯ ಚೀಟಿಯ ಮೇಲೋ ಮುಚ್ಚಳದ ಮೇಲೋ ಒಂದು ನೇರಳೆ ವೃತ್ತ ಇರುತ್ತದೆ. ಅದರೊಳಗೆ ಒಂದು ಚೌಕ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿಯಾಗಿದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ವೃತ್ತದಷ್ಟೇ ಕಪ್ಪಾದರೆ ಆ ಬಾಟಲಿ ಬಳಸುವಂತಿಲ್ಲ. ಓದು ಬರಹ ಬೇಕಾಗಿಲ್ಲ, ಎರಡು ಬಣ್ಣ ಹೋಲಿಸಿದರೆ ಸಾಕು. ಎಂಆರ್ ಮತ್ತು ಕ್ಷಯಕ್ಕೆ ಕೊಡುವ ಬಿಸಿಜಿ ಲಸಿಕೆಯ ಪುಡಿಯನ್ನು ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು. ಕಲಸಿದ ಸಮಯ ಬಾಟಲಿಯ ಮೇಲೆ ಬರೆದಿರುತ್ತಾರೆ. ಮಧ್ಯಾಹ್ನ ತಡವಾಗಿ ಹೋದವರು ಅದನ್ನೂ ನೋಡಿಕೊಳ್ಳಿ.

ದೂರದ ಲೆಕ್ಕವೂ ಸಣ್ಣದಲ್ಲ. ಮಕ್ಕಳ ಡಾಕ್ಟರು ಇರುವುದು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದಂಥ ಪೇಟೆಗಳಲ್ಲಿ. ಭಾಗಮಂಡಲದ ಆಚೆಯಿಂದ, ಶಾಂತಳ್ಳಿಯ ಮೇಲಿನಿಂದ, ಕುಟ್ಟದ ಹಾಡಿಯಿಂದ ಕೂಸು ಎತ್ತಿಕೊಂಡು ಹೋಗುವುದೆಂದರೆ ಒಂದು ದಿನದ ಕೂಲಿ ಮತ್ತು ಜೀಪಿನ ಬಾಡಿಗೆ. 2018ರ ಆಗಸ್ಟ್‌ನಂಥ ಮಳೆಯಲ್ಲಿ ರಸ್ತೆಯೇ ಇರುವುದಿಲ್ಲ. ಅಂಗನವಾಡಿ ನಡೆದು ಹೋಗುವಷ್ಟು ಹತ್ತಿರ. ಕೊಯ್ಲಿನ ಕಾಲದಲ್ಲಿ ಗುರುವಾರ ಕೆಲಸ ಬಿಡಲು ಆಗದ ತಾಯಂದಿರು ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೆ ಮೊದಲೇ ಹೇಳಿಡಿ. ಎಷ್ಟೋ ತೋಟಗಳಲ್ಲಿ ಆಶಾ ಕಾರ್ಯಕರ್ತೆ ಕೇಳಿಕೊಂಡರೆ ಎರಡು ಗಂಟೆ ಬಿಟ್ಟು ಕಳಿಸುತ್ತಾರೆ. ಅಸ್ಸಾಂ, ಬಂಗಾಳದಿಂದ ಕೆಲಸಕ್ಕೆ ಬಂದವರ ಮಕ್ಕಳಿಗೂ ಇದೇ ಅಂಗನವಾಡಿಯಲ್ಲಿ ಲಸಿಕೆ ಸಿಗುತ್ತದೆ, ಇಲ್ಲಿನ ರೇಷನ್ ಕಾರ್ಡ್ ಬೇಕಾಗಿಲ್ಲ. ಪಕ್ಕದ ಕೋಣೆಯಲ್ಲಿ ಅಂಥ ಮಗು ಇದ್ದರೆ ಆಶಾಗೆ ಹೇಳಿ.

ಯಾವ ಜಾಗದಲ್ಲಿ ಹಾಕಿಸಿದರೂ ಅರ್ಧ ಗಂಟೆ ಅಲ್ಲೇ ಕೂತಿದ್ದು ಹೊರಡಿ.

ಅಲ್ಲೊಂದು ಇಲ್ಲೊಂದು ಹಾಕಿಸಿದ್ದರೆ

ಮೊದಲ ಡೋಸ್ ಮೈಸೂರಿನಲ್ಲಿ ಪೇನ್‌ಲೆಸ್ ಆಗಿದೆ, ಈಗ ತವರಿನಲ್ಲಿದ್ದೇನೆ, ಮುಂದಿನದ್ದು ಏನು ಮಾಡಲಿ ಎನ್ನುವ ಪ್ರಶ್ನೆ ತುಂಬಾ ಜನರದ್ದು. ಅದೇ ಬ್ರ್ಯಾಂಡ್ ಮುಂದುವರಿಸಿದರೆ ಚೆಂದ. ಸಿಗದಿದ್ದರೆ ಅದಕ್ಕಾಗಿ ತಿಂಗಳು ಕಾಯಬೇಡಿ, ಎರಡನೆಯದನ್ನು ಅಂಗನವಾಡಿಯಲ್ಲಿ ಪೆಂಟಾ ಹಾಕಿಸಬಹುದು. ಪೋಲಿಯೋ ಚುಚ್ಚುಮದ್ದಿನ ಲೆಕ್ಕ ಮಾತ್ರ ಸಿಸ್ಟರ್‌ಗೆ ಸರಿಯಾಗಿ ಹೇಳಿ. ಸರ್ಕಾರಿ ಜಾಗದಲ್ಲಿ ಅದನ್ನು ತೋಳಿನ ಚರ್ಮದೊಳಗೆ ಸಣ್ಣ ಡೋಸ್ ಆಗಿ ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳಲ್ಲಿ ಕೊಡುತ್ತಾರೆ. ಡೋಸ್ ಸಣ್ಣದು ಅಂತ ಅನುಮಾನ ಬೇಡ. ಚರ್ಮದಲ್ಲಿ ರೋಗನಿರೋಧಕ ಕೋಶಗಳು ಹೆಚ್ಚಿರುವುದರಿಂದ ಅಲ್ಲಿ ಐದನೇ ಒಂದು ಭಾಗವೇ ಕೆಲಸ ಮಾಡುತ್ತದೆ.

ಪ್ರೈವೇಟ್‌ನಲ್ಲಿ ಹಾಕಿಸಿದ್ದನ್ನೂ ತಾಯಿ ಕಾರ್ಡ್‌ನಲ್ಲೇ ಬರೆಸಿ: ದಿನಾಂಕ, ಲಸಿಕೆಯ ಹೆಸರು, ಬಾಟಲಿಯ ಚೀಟಿ. ಎರಡು ಕಾರ್ಡ್ ಇಟ್ಟುಕೊಂಡರೆ ಒಂದು ಬೇಕಾದಾಗ ಸಿಗುವುದಿಲ್ಲ. ಕಾರ್ಡಿನ ಫೋಟೋ ಫೋನಿನಲ್ಲಿ ಇರಲಿ. ಮಳೆಗೆ ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ಓಡಿದವರಲ್ಲಿ ಎಷ್ಟೋ ಜನರ ಬಳಿ ಒಂದು ಕಾಗದವೂ ಉಳಿದಿರಲಿಲ್ಲ.

ಡೋಸ್ ತಪ್ಪಿಹೋಗಿದ್ದರೆ ಹೆದರಿ ಸುಮ್ನೆ ಕೂರಬೇಡಿ. "ಬೈತಾರೆ" ಅಂತ ಹೋಗದೆ ಉಳಿದವರನ್ನು ನೋಡಿದ್ದೇನೆ. ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಪೆಂಟಾ, ರೋಟಾದ ಎರಡು ಡೋಸ್ ನಡುವೆ ನಾಲ್ಕು ವಾರ ಅಂತರ ಇದ್ದರೆ ಸಾಕು. ಮಳೆಗಾಲ ಬರುತ್ತದೆ ಅಂತ ಅದಕ್ಕಿಂತ ಮುಂಚೆ ಹಾಕಿಸುವಂತಿಲ್ಲ. ಬಿಸಿಜಿ ಒಂದು ವರ್ಷದೊಳಗೆ ಕೊಡುತ್ತಾರೆ, ಕಲೆ ಏಳದಿದ್ದರೆ ಮತ್ತೆ ಹಾಕಿಸುವುದು ಬೇಡ. ರೋಟಾ ಮತ್ತು ಪೆಂಟಾದ ಮೊದಲ ಡೋಸ್ ಒಂದು ವರ್ಷದೊಳಗೆ ಆಗಬೇಕು, ಶುರು ಮಾಡಿದ್ದರೆ ಉಳಿದ ಡೋಸ್‌ಗಳನ್ನೂ ಮುಗಿಸಿಕೊಡುತ್ತಾರೆ. ಒಂದು ವರ್ಷ ದಾಟಿದ ಮಗುವಿಗೆ ಪೆಂಟಾ ಶುರುವೇ ಆಗಿಲ್ಲದಿದ್ದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಇದೆ, ಅದು ಏಳು ವರ್ಷದವರೆಗೂ ಸಿಗುತ್ತದೆ. ಎಂಆರ್ ಐದು ವರ್ಷದವರೆಗೆ ಕೊಡುತ್ತಾರೆ. ಸಣ್ಣ ನೆಗಡಿ, ಕೆಮ್ಮು, ಭೇದಿ ಇದ್ದರೂ ಹಾಕಿಸಬಹುದು. ಜೋರು ಜ್ವರ ಇದ್ದರೆ ಮಾತ್ರ ಇಳಿಯುವವರೆಗೆ ಕಾದು, ಮುಂದಿನ ಗುರುವಾರ ಹೋಗಿ.